ಇದು ಯಾರಿಗೆ ಆಗುವುದಿಲ್ಲ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ, ಆರನೇ ಸೆಮಿಸ್ಟರ್. ನನ್ನ ಅಜ್ಜಿಗೆ ಹದಿನೈದು ವರ್ಷದಿಂದ ಶುಗರ್ ಇದೆ, ಈಗ ಕಣ್ಣು ಮಂಜಾಗಿದೆ. ಆಸ್ಪತ್ರೆಯವರು ರಿಪೋರ್ಟೆಲ್ಲ ಆ್ಯಪಿಗೇ ಬರುತ್ತದೆ ಎಂದಿದ್ದಾರೆ. ಅಜ್ಜಿಗೆ ಆ ಆ್ಯಪ್ ತೆರೆಯುವುದಕ್ಕೂ ಬರುವುದಿಲ್ಲ. ಎಲ್ಲರ ಕೈಗೂ ಸಿಗುವ, ಎಲ್ಲರಿಗೂ ಒಂದೇ ಥರ ಕೆಲಸ ಮಾಡುವ ಆರೋಗ್ಯ ತಂತ್ರಜ್ಞಾನದಲ್ಲಿ ಏನಾದರೂ ಮಾಡಬೇಕು ಅನ್ನಿಸುತ್ತಿದೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ಕಣ್ಣಿನ ಫೋಟೋ ನೋಡಿ ಕಾಯಿಲೆ ಹೇಳುವ ಎಐ ಮಾಡೋಣ ಅಂತ ಗೆಳತಿಯರು ಹೇಳುತ್ತಾರೆ. ಎಲ್ಲಿಂದ ಶುರು ಮಾಡಲಿ? ಡಾಕ್ಟರಿಕೆ ಗೊತ್ತಿಲ್ಲದೆ ಆಗುತ್ತದಾ? ಮುಂದೆ ಕೆಲಸ ಸಿಗುತ್ತದಾ?

ಉತ್ತರ: ಎಐ ವಿಷಯ ಆಮೇಲೆ ನೋಡೋಣ. ಮೊದಲು ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ.

ಸುಮಾರು ಹದಿನಾರು ವರ್ಷದ ಹಿಂದಿನ ಮಾತು. ಇದೇ ಊರಿನ ಒಂದು ದೊಡ್ಡ ಆಸ್ಪತ್ರೆಯ ಒಪಿಡಿಗೆ ಟೋಕನ್ ವ್ಯವಸ್ಥೆ ಬರೆದ ತಂಡದಲ್ಲಿ ನಾನಿದ್ದೆ. ಗೋಡೆಯ ಮೇಲೆ ದೊಡ್ಡ ಪರದೆ, ಕೆಂಪು ಅಂಕಿ, ನಂಬರ್ ಬದಲಾದಾಗ ಟಿಂಗ್ ಅಂತ ಸದ್ದು. ಕೌಂಟರ್ ಮುಂದಿನ ನೂಕುನುಗ್ಗಲು ನಿಂತಿತು. ಕಾಯುವ ಸಮಯದ ಸರಾಸರಿ ಇಳಿಯಿತು. ನಮಗೆಲ್ಲ ಶಹಬ್ಬಾಸ್‌ಗಿರಿ ಸಿಕ್ಕಿತು. ತಿಂಗಳಾದ ಮೇಲೆ ಏನೋ ಸಣ್ಣ ರಿಪೇರಿಗೆ ಅಂತ ಹೋದೆ. ಕಣ್ಣಿನ ವಿಭಾಗದ ಮುಂದೆ ಒಬ್ಬ ಹಿರಿಯರು ಬೆಳಗ್ಗೆ ಒಂಬತ್ತಕ್ಕೆ ಬಂದವರು, ಮಧ್ಯಾಹ್ನ ಒಂದಾದರೂ ಕೂತೇ ಇದ್ದರು. ಕೈಯಲ್ಲಿದ್ದ ಚೀಟಿಯಲ್ಲಿ 23. ಪರದೆಯ ಮೇಲೆ 88 ನಡೆಯುತ್ತಿತ್ತು. “ಟಿಂಗ್ ಅನ್ನೋದು ಕೇಳ್ತಾ ಇದೆ ಕಣಮ್ಮಾ, ಯಾರಿಗೆ ಟಿಂಗ್ ಅಂತ ಹೇಗೆ ಗೊತ್ತಾಗ್ಬೇಕು?” ಅಂದರು.

ಕಣ್ಣು ತೋರಿಸಿಕೊಳ್ಳಲು ಬರುವವರಿಗೆ ಕಣ್ಣು ಸರಿಯಾಗಿ ಕಾಣದೆ ಇರಬಹುದು ಎಂಬುದು ನಮ್ಮ ಇಡೀ ತಂಡದಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ಆಮೇಲೆ ಗೊತ್ತಾಯಿತು. ಕರೆದಾಗ ಎದ್ದು ಬರದವರನ್ನು ನಮ್ಮ ಸಾಫ್ಟ್‌ವೇರ್ ‘ಬಂದಿಲ್ಲ’ ಎಂದು ಬರೆದುಕೊಂಡು ಲೆಕ್ಕದಿಂದ ತೆಗೆದುಬಿಡುತ್ತಿತ್ತು. ಅಂದರೆ ಆ ಹಿರಿಯರು ಕಾದ ನಾಲ್ಕು ಗಂಟೆ ಎಲ್ಲೂ ಇಲ್ಲ. ಸರಾಸರಿ ಅಷ್ಟು ಚೆನ್ನಾಗಿ ಕಂಡಿದ್ದಕ್ಕೆ ಅಂಥವರನ್ನು ಬಿಟ್ಟಿದ್ದೂ ಒಂದು ಕಾರಣ.

ಅವತ್ತಿನಿಂದ ಯಾರೇ ಹೊಸ ಉಪಕರಣ ತಂದು ತೋರಿಸಲಿ, ನಾನು ಕೇಳುವುದು ಒಂದೇ ಪ್ರಶ್ನೆ. ಇದು ಯಾರಿಗೆ ಆಗುವುದಿಲ್ಲ? ನಿಮ್ಮ ಮೂರು ಪ್ರಶ್ನೆಗೂ ಇದನ್ನೇ ಹಿಡಿದುಕೊಂಡು ಉತ್ತರ ಹೇಳಲು ನೋಡುತ್ತೇನೆ.

ನೀವು ಎರಡು ಮಾತು ಒಟ್ಟಿಗೆ ಬರೆದಿದ್ದೀರಿ. ಎಲ್ಲರ ಕೈಗೂ ಸಿಗುವುದು ಒಂದು, ಎಲ್ಲರಿಗೂ ಒಂದೇ ಥರ ಕೆಲಸ ಮಾಡುವುದು ಇನ್ನೊಂದು. ಮೊದಲನೆಯದು ತಪ್ಪಿದರೆ ಕಣ್ಣಿಗೆ ಬೀಳುತ್ತದೆ. ಬಟನ್ ಓದಲು ಆಗದವರು ಆಗುವುದಿಲ್ಲ ಅಂತ ಹೇಳುತ್ತಾರೆ. ಎರಡನೆಯದು ತಪ್ಪಿದರೆ ಯಾರಿಗೂ ತಿಳಿಯುವುದೇ ಇಲ್ಲ. ಕೋವಿಡ್ ಎರಡನೇ ಅಲೆಯಲ್ಲಿ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರನ್ನು ಎಷ್ಟೋ ಮನೆಯವರು ಕೊಂಡುಕೊಂಡೆವಲ್ಲ, ಅದನ್ನೇ ನೋಡಿ. ರಕ್ತದ ಆಮ್ಲಜನಕ ನೂರಕ್ಕೆ 94ಕ್ಕಿಂತ ಕೆಳಗೆ ಬಂದರೆ ಆಸ್ಪತ್ರೆಗೆ ಓಡಿ ಎಂದಿದ್ದರು. ಆ ಪುಟ್ಟ ಡಬ್ಬಿ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನೂ ಬೆರಳೊಳಗೆ ಹಾಯಿಸಿ, ಎಷ್ಟು ಹೊರಗೆ ಬಂತು ಎಂದು ಅಳೆಯುತ್ತದೆ. ಚರ್ಮದ ಕಪ್ಪು ಬಣ್ಣವೂ ಆ ಬೆಳಕನ್ನು ಹೀರುತ್ತದೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು 2020ರ ಡಿಸೆಂಬರಿನಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಯಂತ್ರ 92ರಿಂದ 96 ಎಂದು ತೋರಿಸುತ್ತಿದ್ದಾಗ, ರಕ್ತ ತೆಗೆದು ನೋಡಿದರೆ ನಿಜಕ್ಕೂ 88ಕ್ಕಿಂತ ಕೆಳಗೆ ಇದ್ದದ್ದು ಕರಿಯ ರೋಗಿಗಳಲ್ಲಿ ನೂರಕ್ಕೆ 11.7 ಸಲ, ಬಿಳಿಯರಲ್ಲಿ 3.6 ಸಲ. ಯಂತ್ರ ಎಲ್ಲರ ಕೈಗೂ ಸಿಕ್ಕಿತ್ತು. ಎಲ್ಲರಿಗೂ ಒಂದೇ ಥರ ಕೆಲಸ ಮಾಡಲಿಲ್ಲ. ನಮ್ಮ ಊರಿನ ಮೈಬಣ್ಣಗಳನ್ನು ಒಮ್ಮೆ ನೆನೆಸಿಕೊಳ್ಳಿ.

ಇನ್ನೊಂದು ಉದಾಹರಣೆ ನಿಮ್ಮ ಕಂಪ್ಯೂಟರ್ ವಿಷಯಕ್ಕೇ ಹತ್ತಿರದ್ದು. ಅಮೆರಿಕದಲ್ಲಿ ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕು ಎಂದು ಆರಿಸುವ ಒಂದು ಸಾಫ್ಟ್‌ವೇರ್ ಬಳಕೆಯಲ್ಲಿತ್ತು. ಯಾರು ಜಾಸ್ತಿ ಕಾಯಿಲೆಯವರು ಎಂದು ನೇರವಾಗಿ ಅಳೆಯುವುದು ಕಷ್ಟ. ಅದಕ್ಕೆ ಯಾರಿಗೆ ಜಾಸ್ತಿ ಖರ್ಚಾಗುತ್ತದೆ ಎಂದು ಲೆಕ್ಕ ಹಾಕಿದರು. ಕೇಳುವುದಕ್ಕೆ ಸರಿಯಾಗೇ ಇದೆ, ಅಲ್ವಾ? ಆದರೆ ಅಷ್ಟೇ ಕಾಯಿಲೆ ಇದ್ದರೂ ಕರಿಯರ ಮೇಲೆ ಆಗುತ್ತಿದ್ದ ಖರ್ಚು ಕಡಿಮೆ. ಹಾಗಾಗಿ ಅವರು ಆರೋಗ್ಯವಂತರ ಹಾಗೆ ಕಂಡರು. 2019ರಲ್ಲಿ ಸಂಶೋಧಕರು ಇದನ್ನು ಬಯಲಿಗೆಳೆದರು. ಆ ತಪ್ಪು ಸರಿ ಮಾಡಿದರೆ ಹೆಚ್ಚಿನ ಆರೈಕೆ ಸಿಗುವವರಲ್ಲಿ ಕರಿಯರ ಪಾಲು ನೂರಕ್ಕೆ 17.7ರಿಂದ 46.5ಕ್ಕೆ ಏರುತ್ತಿತ್ತು. ಕೋಡಿನಲ್ಲಿ ಒಂದು ಬಗ್ ಕೂಡ ಇರಲಿಲ್ಲ. ನಮ್ಮಲ್ಲೂ ಮೆಡಿಕಲ್ ಶಾಪಿನಲ್ಲಿ ಎರಡು ಮಾತ್ರೆ ತಗೊಂಡು, ಜ್ವರದಲ್ಲೇ ನಾಲ್ಕು ಮನೆ ಪಾತ್ರೆ ತೊಳೆಯಲು ಹೋಗುವ ಹೆಂಗಸಿನ ಕಾಯಿಲೆ ಯಾವ ಇನ್ಶೂರೆನ್ಸ್ ಡೇಟಾದಲ್ಲೂ ಇರುವುದಿಲ್ಲ.

ಈಗ ನಿಮ್ಮ ಗೆಳತಿಯರ ಎಐಗೆ ಬರೋಣ. ಕಣ್ಣಿನ ಪಾಪೆಯ ಹಿಂದಿನ ಪರದೆಯ ಫೋಟೋ ನೋಡಿ, ಶುಗರಿನಿಂದ ಆಗುವ ತೊಂದರೆ ಗುರುತಿಸುವ ಸಾಫ್ಟ್‌ವೇರ್ ಈಗಾಗಲೇ ಇದೆ. ಗೂಗಲ್‌ನವರು ಮಾಡಿದ್ದು ಪ್ರಯೋಗಾಲಯದಲ್ಲಿ ತಜ್ಞ ವೈದ್ಯರಿಗೆ ಸಮನಾಗಿ ನಿಂತಿತ್ತು. ಅದನ್ನು ಥಾಯ್ಲೆಂಡಿನ 11 ಕ್ಲಿನಿಕ್ಕುಗಳಿಗೆ ತೆಗೆದುಕೊಂಡು ಹೋದಾಗ ಏನಾಯಿತು ಎಂದು 2020ರಲ್ಲಿ ಅವರೇ ಬರೆದುಕೊಂಡರು. ಫೋಟೋ ತೆಗೆಯಲು ಕತ್ತಲೆ ಕೋಣೆ ಬೇಕು, ಎಷ್ಟೋ ಕ್ಲಿನಿಕ್ಕಿನಲ್ಲಿ ಅದಿಲ್ಲ. ನರ್ಸುಗಳು ತೆಗೆದ ಫೋಟೋಗಳಲ್ಲಿ ನೂರಕ್ಕೆ 21ನ್ನು ಸಾಫ್ಟ್‌ವೇರ್ ‘ಚೆನ್ನಾಗಿಲ್ಲ’ ಎಂದು ತಿರಸ್ಕರಿಸಿತು. ಹಾಗಾದವರು ಕೂಲಿ ಬಿಟ್ಟು, ಬಸ್ಸು ಹಿಡಿದು, ಇನ್ನೊಂದು ದಿನ ದೂರದ ಆಸ್ಪತ್ರೆಗೆ ಹೋಗಬೇಕು. ಅದರ ಮೇಲೆ ಇಂಟರ್ನೆಟ್ ನಿಧಾನ. ಹೀಗಾಗಿ ಮಾಡೆಲ್ ಸರಿಯಿದ್ದರೂ ರೋಗಿಗೆ ಉಪಯೋಗವಾಗಲಿಲ್ಲ. ಅಂಥ ಕಂಪನಿಗೇ ಹೀಗಾದರೆ, ಡೌನ್‌ಲೋಡ್ ಮಾಡಿದ ಡೇಟಾಸೆಟ್ಟಿನ ಮೇಲೆ ನೀವು ‘97 ಪರ್ಸೆಂಟ್ ಅಕ್ಯುರಸಿ’ ಎಂದು ತೋರಿಸುವುದರಿಂದ ನಿಮ್ಮ ಅಜ್ಜಿಗೆ ಏನು ಸಿಗುತ್ತದೆ? ಮಾರ್ಕ್ಸು ನಿಮಗೆ ಸಿಗುತ್ತದೆ, ಅದು ಬೇರೆ ಮಾತು. ಇನ್ನೂ ಒಂದು ತೊಡಕಿದೆ. ಕಾಯಿಲೆ ಗುರುತಿಸಲು ಮಾಡಿದ ಸಾಫ್ಟ್‌ವೇರ್ 2020ರ ಏಪ್ರಿಲ್ 1ರಿಂದ ನಮ್ಮ ಕಾನೂನಿನಲ್ಲಿ ವೈದ್ಯಕೀಯ ಉಪಕರಣದ ಲೆಕ್ಕಕ್ಕೇ ಬರುತ್ತದೆ. ಅದನ್ನು ಜನರ ಕೈಗೆ ಕೊಡುವುದು ಒಂದು ಸೆಮಿಸ್ಟರಿನ ಕೆಲಸವಲ್ಲ.

ಹಾಗಾದರೆ ಏನು ಮಾಡಬಹುದು? ಅಜ್ಜಿಯ ಪಕ್ಕ ಕೂತುಕೊಳ್ಳಿ.

ಶುಗರಿನ ಚೇಷ್ಟೆ ನೋಡಿ. ದಿನಾ ಅಂಕಿ ಓದು ಅನ್ನುತ್ತದೆ, ಓದುವ ಕಣ್ಣನ್ನೇ ಮಂಜು ಮಾಡುತ್ತದೆ. ಬೆರಳು ಚುಚ್ಚಿಕೋ ಅನ್ನುತ್ತದೆ, ಕಾಲಿನಿಂದ ಶುರುವಾದ ಜೋಮು ಕೆಲವರಿಗೆ ಬೆರಳಿಗೂ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಕೊಟ್ಟ ಲೆಕ್ಕದಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಶುಗರ್ ಇದೆ. ಅಂದರೆ ಶುಗರ್ ಆ್ಯಪ್ ಮಾಡುವವರು ಮಂಜುಗಣ್ಣಿನವರನ್ನು ಮೊದಲು ನೆನೆಸಿಕೊಳ್ಳಬೇಕಿತ್ತು. ಆಗಿರುವುದು ಉಲ್ಟಾ. ಬೂದು ಬಣ್ಣದ ಅಕ್ಷರ ಬಿಳಿ ಹಿನ್ನೆಲೆಯ ಮೇಲೆ, ಅದೂ ಇರುವೆ ಗಾತ್ರದಲ್ಲಿ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕಡೇಪಕ್ಷ 4.5:1 ವ್ಯತ್ಯಾಸ ಇರಬೇಕು ಎಂದು ಜಗತ್ತೆಲ್ಲ ಒಪ್ಪಿದ ಒಂದು ಅಳತೆ ಇದೆ. ಅದನ್ನು ನೋಡಲು ಹತ್ತು ಸೆಕೆಂಡು ಸಾಕು. ಯಾರೂ ನೋಡುವುದಿಲ್ಲ.

ಒಂದು ಸಂಜೆ ಆ ಆಸ್ಪತ್ರೆಯ ಆ್ಯಪನ್ನು ನೀವೇ ಕಣ್ಣು ಮುಚ್ಚಿಕೊಂಡು ಬಳಸಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸಿನಲ್ಲಿ ಆಕ್ಸೆಸಿಬಿಲಿಟಿ ಎಂಬಲ್ಲಿ ಟಾಕ್‌ಬ್ಯಾಕ್ ಇದೆ. ಆನ್ ಮಾಡಿದರೆ ಒಂದು ಸಲ ಮುಟ್ಟಿದ್ದನ್ನು ಓದಿ ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. (ಆಫ್ ಮಾಡುವುದು ಹೇಗೆ ಎಂದು ಮೊದಲೇ ಕಲಿತುಕೊಳ್ಳಿ. ನಾನು ಕಲಿತಿರಲಿಲ್ಲ. ಅರ್ಧ ದಿನ ಫೋನ್ ನನ್ನ ಮೇಲೆ ಕೂಗಾಡಿತು.) ಲಾಗಿನ್ ಪುಟದಲ್ಲೇ ‘ಅನ್‌ಲೇಬಲ್ಡ್ ಬಟನ್, ಅನ್‌ಲೇಬಲ್ಡ್ ಬಟನ್’ ಎಂದು ಕೇಳಿಸಿದರೆ ಆಶ್ಚರ್ಯ ಪಡಬೇಡಿ. ಚಿತ್ರದ ಬಟನ್ನಿಗೆ ಹೆಸರು ಬರೆಯುವ ಒಂದು ಸಾಲು ಕೋಡನ್ನು ಯಾರೋ ಬಿಟ್ಟಿದ್ದಾರೆ, ಅಷ್ಟೇ. ಆಮೇಲೆ ಒಟಿಪಿ. ಮೆಸೇಜು ಬಂದು, ಅದನ್ನು ಕೇಳಿಸಿಕೊಂಡು, ಆರು ಅಂಕಿ ನೆನಪಿಟ್ಟು, ವಾಪಸ್ ಆ್ಯಪಿಗೆ ಬರುವಷ್ಟರಲ್ಲಿ ಮೂವತ್ತು ಸೆಕೆಂಡು ಮುಗಿದಿರುತ್ತದೆ.

ಅಷ್ಟೆಲ್ಲ ದಾಟಿ ರಿಪೋರ್ಟ್ ತೆರೆದರೆ ಅದು ಪಿಡಿಎಫ್. ಎಷ್ಟೋ ಸಲ ಕಾಗದವನ್ನು ಸ್ಕ್ಯಾನ್ ಮಾಡಿ ಹಾಕಿದ್ದು, ಅಂದರೆ ಬರೀ ಚಿತ್ರ. ಟಾಕ್‌ಬ್ಯಾಕ್ ಪಾಲಿಗೆ ಅದು ಖಾಲಿ ಹಾಳೆ. ಅಕ್ಷರ ಇದ್ದರೂ ಇಂಗ್ಲಿಷಿನಲ್ಲಿ ಇರುತ್ತದೆ. ಅಂಕಿ ಜಾಸ್ತಿಯಾಗಿದೆ ಎಂಬುದನ್ನು ಕೆಂಪು ಬಣ್ಣದಲ್ಲೋ ದಪ್ಪಕ್ಷರದಲ್ಲೋ ಮಾತ್ರ ತೋರಿಸಿರುತ್ತಾರೆ. ಓದಿ ಹೇಳುವ ದನಿಗೆ ಬಣ್ಣ ಇಲ್ಲವಲ್ಲ.

ಕೊನೆಗೆ ಮಾತ್ರೆ ಚೀಟಿ. ನನಗೆ ಜಾಸ್ತಿ ಆಸೆ ಇರುವ ಜಾಗ ಇದು. ನಮ್ಮ ಡಾಕ್ಟರುಗಳು 1-0-1 ಎಂದು ಬರೆಯುತ್ತಾರೆ. ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಫೋನು ಅದನ್ನು ‘ಒನ್ ಡ್ಯಾಶ್ ಜೀರೋ ಡ್ಯಾಶ್ ಒನ್’ ಎಂದೋ ‘ನೂರಾ ಒಂದು’ ಎಂದೋ ಓದಿದರೆ ಅಜ್ಜಿ ಏನು ತಿಳಿದುಕೊಳ್ಳಬೇಕು? ಕೆಲವರು BD (ಬಿಡಿ) ಎಂದು ಬರೆಯುತ್ತಾರೆ, ದಿನಕ್ಕೆರಡು ಸಲ ಎಂಬ ಅರ್ಥದಲ್ಲಿ. ನಮ್ಮ ಬೀದಿಯ ಒಬ್ಬರು ಮೊಮ್ಮಗನಿಂದ ಚೀಟಿ ಓದಿಸಿಕೊಂಡು, ‘ಬಿಡಿ ಅಂತ ಬರೆದವ್ರೆ’ ಎಂದು ಬಿಪಿ ಮಾತ್ರೆಯನ್ನೇ ಬಿಟ್ಟಿದ್ದರು. ನಗು ಬರುತ್ತದೆ, ಆದರೆ ನಗುವ ವಿಷಯ ಅಲ್ಲ. ಚೀಟಿಯ ಈ ಗುರುತುಗಳನ್ನು ಓದಿ ‘ಬೆಳಗ್ಗೆ ತಿಂಡಿಗೆ ಮೊದಲು ಒಂದು ಮಾತ್ರೆ’ ಎಂದು ಅಜ್ಜಿಗೆ ಗೊತ್ತಿರುವ ಕನ್ನಡದಲ್ಲಿ ಗಟ್ಟಿಯಾಗಿ ಹೇಳುವುದು, ಗೊತ್ತಾಗದಿದ್ದರೆ ಊಹೆ ಮಾಡದೆ ‘ಇದು ನನಗೆ ತಿಳಿಯಲಿಲ್ಲ, ಮೆಡಿಕಲ್ ಶಾಪಿನವರನ್ನು ಕೇಳಿ’ ಎನ್ನುವುದು. ಈ ಪ್ರಾಜೆಕ್ಟು ಸಣ್ಣದಾಗಿ ಕಾಣುತ್ತದೆ. ಕೈ ಹಾಕಿ ನೋಡಿ, ಎರಡು ಸೆಮಿಸ್ಟರೂ ಸಾಲದು.

ಯಾಕೆಂದರೆ ಕನ್ನಡ ಅಂದರೆ ಬರೀ ಅನುವಾದ ಅಲ್ಲ. ಇಪ್ಪತ್ತು, ಎಪ್ಪತ್ತು ಎಂದು ಗಟ್ಟಿಯಾಗಿ ಹೇಳಿ ನೋಡಿ. ಹಲ್ಲಿಲ್ಲದ ಬಾಯಿಂದ, ಪಕ್ಕದಲ್ಲಿ ಟಿವಿ ಸದ್ದಿನ ನಡುವೆ ಬಂದರೆ ಮನುಷ್ಯರಿಗೇ ಗೊಂದಲವಾಗುತ್ತದೆ. ಇನ್ಸುಲಿನ್ ಎಷ್ಟು ಯೂನಿಟ್ ಎಂದು ಮಾತಿನಲ್ಲಿ ಕೇಳುವ ಆ್ಯಪ್ ಮಾಡಿದರೆ, ಕೇಳಿಸಿಕೊಂಡಿದ್ದನ್ನು ಬಿಡಿಬಿಡಿಯಾಗಿ ತಿರುಗಿ ಹೇಳಿ ಹೌದಾ ಎಂದು ಕೇಳಲೇಬೇಕು. ಪದಗಳೂ ಹಾಗೇ. ಮನಸ್ಸಿನ ಆರೋಗ್ಯದ ಆ್ಯಪುಗಳಲ್ಲಿ ‘ನಿಮಗೆ ಖಿನ್ನತೆ ಇದೆಯೇ?’ ಎಂದು ಕೇಳುತ್ತಾರೆ. ಖಿನ್ನತೆ ಎಂದು ಯಾರು ಮಾತಾಡುತ್ತಾರೆ? ‘ಯಾವುದರಲ್ಲೂ ಮನಸ್ಸಿಲ್ಲ, ಸುಮ್ನೆ ಬೇಜಾರು’ ಅನ್ನುತ್ತಾರೆ. ‘ಹೊರಗಾಗಿದೀನಿ’ ಎಂದರೆ ಮುಟ್ಟು ಎಂದು ಚಾಟ್‌ಬಾಟಿಗೆ ಯಾರು ಕಲಿಸಬೇಕು? ನೀವೇ ತಾನೇ. ರಿಪೋರ್ಟ್ ‘ನೆಗೆಟಿವ್’ ಬಂದಿದೆ ಅಂದರೆ ಏನೋ ಕೆಟ್ಟದ್ದು ಎಂದು ಗಾಬರಿಯಾದವರನ್ನು ನಾನೇ ಸಮಾಧಾನ ಮಾಡಿದ್ದೇನೆ. ಇನ್ನು ನುಡಿ, ಬರಹದ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ ಸುತ್ತೋಲೆ, ಕರಪತ್ರಗಳಿವೆಯಲ್ಲ, ಅವು ಯೂನಿಕೋಡ್ ಅಲ್ಲ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಟಾಕ್‌ಬ್ಯಾಕ್‌ನಂಥ ಸ್ಕ್ರೀನ್ ರೀಡರ್ ಅದನ್ನು ಹಾಗೇ ಓದುತ್ತದೆ. ಮಾತು ಗುರುತಿಸುವ, ಓದಿ ಹೇಳುವ ಸಲಕರಣೆಗಳಿಗೆ ಕೇಂದ್ರ ಸರ್ಕಾರದ ಭಾಷಿಣಿ, ಐಐಟಿ ಮದ್ರಾಸಿನ ಎಐ ಫಾರ್ ಭಾರತ್ ಇವುಗಳ ಮಾಡೆಲ್‌ಗಳಲ್ಲಿ ಕನ್ನಡವೂ ಇದೆ. ಅಡಿಪಾಯದಿಂದ ನೀವೇ ಕಟ್ಟಬೇಕಿಲ್ಲ.

ಫೋನು ಯಾರದ್ದು ಎಂಬುದನ್ನೂ ಕೇಳಿಕೊಳ್ಳಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಗಂಡಸರು ನೂರಕ್ಕೆ 57, ಹೆಂಗಸರು 33. ಮನೆಗೊಂದೇ ಫೋನ್, ಅದೂ ಮಗನ ಜೇಬಿನಲ್ಲಿ. ಹೆಂಗಸಿನ ಗರ್ಭದ ಪರೀಕ್ಷೆ, ಮನೋವೈದ್ಯರ ಅಪಾಯಿಂಟ್‌ಮೆಂಟ್ ಎಲ್ಲ ಅದೇ ನಂಬರಿಗೆ ಮೆಸೇಜ್ ಆಗಿ ಬರುತ್ತದೆ. ಸರ್ವರ್ ಎಷ್ಟೇ ಭದ್ರ ಇರಲಿ, ಗುಟ್ಟು ನಡುಮನೆಯಲ್ಲೇ ರಟ್ಟಾಯಿತು. 2021ರ ಮೇ ತಿಂಗಳೂ ನೆನಪಿರಬಹುದು. 18 ದಾಟಿದವರಿಗೆ ಲಸಿಕೆ ಶುರುವಾದಾಗ ಕೋವಿನ್‌ನಲ್ಲಿ ಆನ್‌ಲೈನ್ ಬುಕ್ ಮಾಡಲೇಬೇಕಿತ್ತು, ಪುಟ ಇದ್ದದ್ದು ಇಂಗ್ಲಿಷಿನಲ್ಲಿ. ತಾನೇ ಸ್ಲಾಟ್ ಹುಡುಕುವ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆಯಲು ಬಂದ ನಮ್ಮಂಥವರಿಗೆ ಸ್ಲಾಟ್ ಸಿಕ್ಕಿತು. ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಕೇಳಿತು. ಕನ್ನಡವೂ ಸೇರಿ ಬೇರೆ ಭಾಷೆಗಳು ಬಂದದ್ದು ಜೂನಿನಲ್ಲಿ.

ಫೋನ್ ಕರೆ ಸಾಕಾಗುವ ಕಡೆ ಆ್ಯಪ್ ಬೇಡ ಎಂಬುದೂ ಇಂಜಿನಿಯರಿಂಗೇ. ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಶುರುವಾದಾಗ 14416 ಎಂಬ ಬರೀ ಒಂದು ನಂಬರಾಗಿತ್ತು. ಅದರ ಹಿಂದೆ ನಮ್ಮ ಊರಿನ ನಿಮ್ಹಾನ್ಸ್ ಇದೆ, ತಂತ್ರಜ್ಞಾನಕ್ಕೆ ಐಐಐಟಿ ಬೆಂಗಳೂರು ಇದೆ. ಬಟನ್ ಫೋನಿನಿಂದಲೂ ಮಾತಾಡಬಹುದು. ಆದರೆ ಇಲ್ಲೂ ಅದೇ ಪ್ರಶ್ನೆ ಹಾಕಿ. ಬರೀ ಕರೆ ಎಂದರೆ ಕಿವಿ ಕೇಳದವರು ಏನು ಮಾಡಬೇಕು? ಒಳ್ಳೆಯ ಕೆಲಸಕ್ಕೂ ಈ ಪ್ರಶ್ನೆಯಿಂದ ರಿಯಾಯಿತಿ ಇಲ್ಲ.

ಡಾಕ್ಟರಿಕೆ ಬೇಕಾ ಎಂದು ಕೇಳಿದ್ದೀರಿ. ಬೇಡ. ಡಾಕ್ಟರ ಪರಿಚಯ ಬೇಕು. ಅದಕ್ಕಿಂತ ಸಿಸ್ಟರುಗಳು, ಆಶಾ ಕಾರ್ಯಕರ್ತೆಯರು, ಫಾರ್ಮಸಿ ಕೌಂಟರಿನವರ ಪರಿಚಯ ಜಾಸ್ತಿ ಬೇಕು. ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಅವರಿಗೇ ಗೊತ್ತು.

ಯಾರಿಗಾಗಿ ಮಾಡುತ್ತೀರೋ ಅವರು ಮೊದಲ ದಿನದಿಂದ ಜೊತೆಗಿರಲಿ. ‘ನಮ್ಮನ್ನು ಬಿಟ್ಟು ನಮ್ಮ ವಿಷಯ ಬೇಡ’ ಎಂಬುದು ಅಂಗವಿಕಲರ ಚಳವಳಿಯ ಹಳೇ ಮಾತು. ಬೆಂಗಳೂರಿನಲ್ಲಿ ಅಂಗವಿಕಲರ ಜೊತೆ ಕೆಲಸ ಮಾಡುವ ಸಂಸ್ಥೆಗಳಿಗೆ ಬರವಿಲ್ಲ. ಸ್ವತಃ ಪೋಲಿಯೋ ಆಗಿದ್ದ ಎನ್. ಎಸ್. ಹೇಮಾ ಅವರು 1959ರಲ್ಲಿ ಶುರು ಮಾಡಿದ ಎಪಿಡಿ ಲಿಂಗರಾಜಪುರದಲ್ಲಿದೆ. ಎಚ್‌ಎಸ್‌ಆರ್ ಲೇಔಟಿನಲ್ಲಿ ಮಿತ್ರ ಜ್ಯೋತಿ ಇದೆ. ಎನೇಬಲ್ ಇಂಡಿಯಾ ಇದೆ. ಐಐಐಟಿ ಬೆಂಗಳೂರಿನಲ್ಲಿ ಈ ವಿಷಯಕ್ಕೇ ಒಂದು ಸಂಶೋಧನಾ ಕೇಂದ್ರವಿದೆ. ಆದರೆ ಪ್ರಾಜೆಕ್ಟ್ ಮುಗಿಸಿ, ಕೊನೆಯ ವಾರ ‘ಒಂದು ಟೆಸ್ಟಿಂಗ್ ಮಾಡಿಕೊಡಿ ಸರ್, ಒಂದು ಫೋಟೋ ಸರ್’ ಎಂದು ಹೋಗಬೇಡಿ. ಪ್ರತಿ ವರ್ಷ ಏಪ್ರಿಲಿನಲ್ಲಿ ಹೀಗೆ ಬರುವ ಹುಡುಗರ ದಂಡು ನೋಡಿ ಅವರಿಗೆ ಸಾಕಾಗಿದೆ. ಅವರು ಕೊಡುವ ಎರಡು ಗಂಟೆ ಕೂಡ ಕೆಲಸವೇ. ಬಸ್ ಚಾರ್ಜೂ ಸಂಭಾವನೆಯೂ ನಿಮ್ಮ ಪ್ರಾಜೆಕ್ಟಿನ ಖರ್ಚಿನಲ್ಲಿ ಇರಲಿ. ರೋಗಿಗಳ ಮಾಹಿತಿ ಮುಟ್ಟುವುದಾದರೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಮೊದಲು, ಕೋಡ್ ಆಮೇಲೆ.

ಕೆಲಸದ ಮಾತಿಗೆ ಬಂದರೆ, ಹತ್ತು ವರ್ಷದ ಹಿಂದೆ ಕೇಳಿದ್ದರೆ ನಾನು ಹಿಂಜರಿಯುತ್ತಿದ್ದೆ. ಈಗ ಇಲ್ಲ. 2025ರ ಜೂನ್ 28ರಿಂದ ಯುರೋಪಿನಲ್ಲಿ ಹೊಸ ಕಾನೂನು ಜಾರಿಯಾಗಿದೆ. ಅಲ್ಲಿ ಜನರಿಗೆ ಮಾರುವ ಎಷ್ಟೋ ಡಿಜಿಟಲ್ ಸರಕು, ಸೇವೆಗಳು ಅಂಗವಿಕಲರಿಗೂ ಬಳಸಲು ಆಗಬೇಕು. ಆ ಸಾಫ್ಟ್‌ವೇರ್‌ಗಳಲ್ಲಿ ಎಷ್ಟು ಔಟರ್ ರಿಂಗ್ ರೋಡಿನಲ್ಲಿ ತಯಾರಾಗುತ್ತವೆ ಎಂದು ನಿಮಗೇ ಗೊತ್ತು. ನಮ್ಮಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ, ಐಎಸ್ 17802 ಎಂಬ ಭಾರತದ್ದೇ ಮಾನದಂಡ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು, ಡಿಜಿಟಲ್ ಸೇವೆ ಎಲ್ಲರಿಗೂ ದಕ್ಕುವುದು ಬದುಕುವ ಹಕ್ಕಿನ ಭಾಗ ಎಂದು ತೀರ್ಪು ಕೊಟ್ಟಿತು. ಫೋನಿನ ಮುಂದೆ ಕಣ್ಣು ಮಿಟುಕಿಸಿ ಎಂಬ ಕೆವೈಸಿ ಪರೀಕ್ಷೆ ದಾಟಲು ಆಗದ ಆ್ಯಸಿಡ್ ದಾಳಿ ಸಂತ್ರಸ್ತರೂ ದೃಷ್ಟಿ ಇಲ್ಲದವರೂ ಹಾಕಿದ್ದ ಕೇಸದು. ಕಂಪನಿಗಳು ಈಗ ಜನ ಹುಡುಕುತ್ತಿವೆ. ಓಪನ್ ಸೋರ್ಸಿನಲ್ಲಿ ಕೈ ಪಳಗಿಸಬೇಕೆಂದರೆ ಆಸ್ಪತ್ರೆಗಳಲ್ಲಿ ರೋಗಿಗಳ ದಾಖಲೆ ಇಡುವ ಬಾಹ್ಮ್ನಿ, ಓಪನ್‌ಎಂಆರ್‌ಎಸ್ ಎಂಬ ಸಾಫ್ಟ್‌ವೇರ್‌ಗಳಿವೆ. ಒಂದು ಪುಟದ ಬಟನ್ನುಗಳಿಗೆ ಸರಿಯಾದ ಹೆಸರು ಹಾಕಿ ಕಳಿಸಿದರೂ ಅದು ನಿಮ್ಮ ರೆಸ್ಯೂಮೆಯಲ್ಲಿ ತೋರಿಸುವಂಥ ಕೆಲಸವೇ.

ಸದ್ಯಕ್ಕೆ ಒಂದು ಮಾಡಿ. ಅಜ್ಜಿಯ ಮುಂದಿನ ಚೆಕಪ್ಪಿಗೆ ನೀವೂ ಹೋಗಿ. ಬಾಗಿಲಿನಿಂದ ಮಾತ್ರೆ ಕೈಗೆ ಬರುವ ತನಕ ಅವರು ಎಲ್ಲೆಲ್ಲಿ ನಿಂತರು, ಯಾರನ್ನು ಏನು ಕೇಳಿದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅವರು ತಡವರಿಸಿದಾಗ ಫೋನ್ ಕಿತ್ತುಕೊಂಡು ನೀವೇ ಒತ್ತಬೇಡಿ. ಕೈ ಕಡಿಯುತ್ತದೆ, ಗೊತ್ತು. ಐದು ನಿಮಿಷ ತಡೆದುಕೊಳ್ಳಿ. ಆ ನೋಟ್‌ಬುಕ್ ತುಂಬಿದ ಮೇಲೆ ಇನ್ನೊಂದು ಪತ್ರ ಬರೆಯಿರಿ. 1-0-1 ವಿಷಯಕ್ಕೇ ಕೈ ಹಾಕುವುದಾದರೆ, ನಿಮ್ಮ ಕೋಡ್ ಹೇಳಿದ್ದು ಸರಿಯೋ ತಪ್ಪೋ ಎಂದು ನೋಡಿ ಹೇಳಲು ನನಗೆ ಪರಿಚಯದ ಫಾರ್ಮಸಿಸ್ಟ್ ಒಬ್ಬರಿದ್ದಾರೆ. ಬೈಗುಳ ಸ್ವಲ್ಪ ಜಾಸ್ತಿ, ಆದರೆ ಚೀಟಿ ಓದುವುದರಲ್ಲಿ ಪಕ್ಕಾ.